ಎಕ್ಸ್-ರೇ ಕೋಣೆಯ ಬೆಳಕಿನ ಚೌಕ ಮತ್ತು ಒಂದು ಅಲ್ಯೂಮಿನಿಯಂ ತಗಡು

ಪ್ರಶ್ನೆ: ನನ್ನ ಏಳು ವರ್ಷದ ಮಗಳು ಸೈಕಲ್ಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೊದಲ ದಿನ ಎಕ್ಸ್-ರೇ ತೆಗೆದವರು ಮೇಲಿನ ಪೆಟ್ಟಿಗೆಯ ಗುಂಡಿ ತಿರುಗಿಸಿ, ಬೆಳಕಿನ ಚೌಕವನ್ನು ಅವಳ ಮಣಿಕಟ್ಟಿನಷ್ಟಕ್ಕೇ ತಂದು ನಿಲ್ಲಿಸಿದರು. ಮೂರು ವಾರದ ಮೇಲೆ ಬೇರೆ ಕಡೆ ತೆಗೆಸಿದೆವು. ಅಲ್ಲಿ ಬೆಳಕು ಇಡೀ ಪ್ಲೇಟಿನ ಮೇಲೆ, ಅವಳ ಮಡಿಲಿನ ಮೇಲೂ ಬಿದ್ದಿತ್ತು. ಆದರೆ ನಮ್ಮ ಕೈಗೆ ಕೊಟ್ಟ ಚಿತ್ರ ಎರಡೂ ಕಡೆ ಒಂದೇ ತರ ಇದೆ. ಹಾಗಾದರೆ ಆ ಬೆಳಕಿಗೆ ಏನಾದರೂ ಅರ್ಥ ಇದೆಯಾ? ಸೀಸದ ಏಪ್ರನ್ ಕೇಳಿದ್ದಕ್ಕೆ "ಈಗ ಅದೆಲ್ಲ ಬೇಡ" ಅಂದರು. ಟ್ಯೂಬಿನ ಮೇಲೆ "ಟೋಟಲ್ ಫಿಲ್ಟರೇಷನ್ 2.5 ಮಿ.ಮೀ. ಅಲ್ಯೂಮಿನಿಯಂ" ಎಂಬ ಚೀಟಿ ಇತ್ತು. ಕಿರಣವನ್ನು ಅಲ್ಯೂಮಿನಿಯಂನಲ್ಲಿ ಸೋಸುವುದು ಹೇಗೆ? ಮುಂದಿನ ತಿಂಗಳು ಮತ್ತೊಂದು ಎಕ್ಸ್-ರೇ ಇದೆ.

ಉತ್ತರ: ಅರ್ಥ ಇದೆ. ಆ ಬೆಳಕು ಎಲ್ಲೆಲ್ಲಿ ಬಿದ್ದಿತ್ತೋ ಅಲ್ಲೆಲ್ಲ ಕಿರಣವೂ ಬಿದ್ದಿದೆ. ಎರಡೂ ಚಿತ್ರ ಒಂದೇ ತರ ಕಂಡಿದ್ದು ಏಕೆಂದರೆ, ಎರಡನೆಯ ಕಡೆ ಚಿತ್ರದ ಸುತ್ತಲಿನ ಭಾಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿದ್ದಾರೆ. ಈ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ನನಗೆ ಅದರ ಮೇಲೆ ಸ್ವಲ್ಪ ಕೋಪವೂ ಇದೆ.

ಮೊದಲು ನಿಮ್ಮ ಗಾಬರಿ ಇಳಿಸುತ್ತೇನೆ. ಸರಿಯಾಗಿ ತೆಗೆದ ಒಂದು ಮಣಿಕಟ್ಟಿನ ಎಕ್ಸ್-ರೇಯಿಂದ ಮೈಗೆ ಸೇರುವ ವಿಕಿರಣ ಸುಮಾರು 0.001 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶ, ತಿನ್ನುವ ಅನ್ನ ಇವುಗಳಿಂದಲೇ ಭೂಮಿಯ ಮೇಲಿನ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಸೇರುತ್ತದೆ. ಅಂದರೆ ನಿಮ್ಮ ಮಗಳು ಮನೆಯಲ್ಲಿ ಮೂರ್ನಾಲ್ಕು ಗಂಟೆ ಸುಮ್ನೆ ಆಡಿಕೊಂಡಿದ್ದರೂ ಅಷ್ಟೇ ಸಿಗುತ್ತಿತ್ತು. ಮಡಿಲಿನ ಮೇಲೂ ಕಿರಣ ಬಿದ್ದರೆ ಈ ಲೆಕ್ಕ ಮೇಲೆ ಹೋಗುತ್ತದೆ, ಏಕೆಂದರೆ ಹೊಟ್ಟೆಯ ಒಳಗಿನ ಅಂಗಗಳು ಕೈಮೂಳೆಗಿಂತ ನಾಜೂಕು. ಆದರೂ ನಿದ್ದೆಗೆಡುವ ಮಟ್ಟವಲ್ಲ. ತಪ್ಪು ತಪ್ಪೇ, ಅಪಾಯ ಸಣ್ಣದು. ಇವೆರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಈಗ ಅಲ್ಯೂಮಿನಿಯಂ. ಎಕ್ಸ್-ರೇ ಟ್ಯೂಬಿನೊಳಗೆ ಒಂದು ತುದಿಯಲ್ಲಿ ಕಾದ ತಂತಿ ಇರುತ್ತದೆ, ಇನ್ನೊಂದು ತುದಿಯಲ್ಲಿ ಟಂಗ್‌ಸ್ಟನ್ ಬಿಲ್ಲೆ. ತಂತಿಯಿಂದ ಹೊರಟ ಎಲೆಕ್ಟ್ರಾನುಗಳನ್ನು ಸಾವಿರಾರು ವೋಲ್ಟ್ ಒತ್ತಡದಲ್ಲಿ ಎಳೆದು ಆ ಬಿಲ್ಲೆಗೆ ಅಪ್ಪಳಿಸುತ್ತಾರೆ. ಮಗುವಿನ ಮಣಿಕಟ್ಟಿಗೆ 50 ಕಿಲೋವೋಲ್ಟಿನ ಆಸುಪಾಸು ಸಾಕು, ದೊಡ್ಡವರ ಹೊಟ್ಟೆಗೆ 75-80, ಎದೆಗೆ 110-120. ಅಪ್ಪಳಿಸಿದ ಶಕ್ತಿಯಲ್ಲಿ ನೂರಕ್ಕೆ 99 ಭಾಗ ಬರೀ ಬಿಸಿಯಾಗಿ ಹೋಗುತ್ತದೆ. ಉಳಿದ ಒಂದು ಭಾಗದಲ್ಲಿ ನಮ್ಮ ಕಿರಣ ಹುಟ್ಟುತ್ತದೆ. ನಲವತ್ತು ರೂಪಾಯಿ ಹತ್ತಿಯಲ್ಲಿ ನಲವತ್ತು ಪೈಸೆಯ ಬತ್ತಿ ಹೊಸೆದ ಹಾಗೆ, ಭಾರಿ ದಂಡದ ಕಾರ್ಖಾನೆ ಇದು.

ಆ ಒಂದು ಭಾಗವೂ ಒಂದೇ ತರದ್ದಲ್ಲ. 80 ಕಿಲೋವೋಲ್ಟ್ ಕೊಟ್ಟರೆ ಎಲ್ಲ ಕಿರಣವೂ 80ರ ಶಕ್ತಿಯದ್ದಾಗಿ ಬರುತ್ತದೆ ಅಂತ ಹೊಸ ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ಹಾಗಲ್ಲ. 80 ಮೇಲಿನ ಮಿತಿ ಅಷ್ಟೇ. ಅದರ ಕೆಳಗೆ 60, 40, 25, 15, 10 ಎಲ್ಲ ಬಗೆಯವೂ ಬೆರೆತು ಬರುತ್ತವೆ. ಒಕ್ಕಣೆ ಕಣದಲ್ಲಿ ಗಟ್ಟಿ ಕಾಳು, ಅರೆಕಾಳು, ಜೊಳ್ಳು ಎಲ್ಲ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ ಅಲ್ವಾ, ಹಾಗೆ.

ಜೊಳ್ಳು ಏಕೆ ಬೇಡ ಎಂಬುದಕ್ಕೆ ಒಂದು ಲೆಕ್ಕ ನೋಡಿ. 20 ಕಿಲೋ ಎಲೆಕ್ಟ್ರಾನ್‌ವೋಲ್ಟ್ (ಮೇಲೆ 60, 40 ಅಂದದ್ದೂ ಇದೇ ಅಳತೆಯಲ್ಲಿ) ಶಕ್ತಿಯ ಕಿರಣ ದೊಡ್ಡವರೊಬ್ಬರ ಹೊಟ್ಟೆಯನ್ನು, ಅಂದರೆ ಸುಮಾರು 20 ಸೆಂಟಿಮೀಟರ್ ಮಾಂಸವನ್ನು, ಹಾದು ಹೋಗಬೇಕು ಅಂದುಕೊಳ್ಳಿ. ಕೋಟಿಗೆ ಒಂದೂ ಆಚೆ ಬರುವುದಿಲ್ಲ. ಎಲ್ಲವೂ ಮೈಯಲ್ಲೇ, ಅದರಲ್ಲೂ ಹೆಚ್ಚಿನವು ಚರ್ಮದ ಕೆಳಗಿನ ಮೊದಲ ಒಂದೆರಡು ಸೆಂಟಿಮೀಟರಿನಲ್ಲೇ ಇಂಗಿಹೋಗುತ್ತವೆ. ಅದೇ 60ರ ಶಕ್ತಿಯ ಕಿರಣದಲ್ಲಿ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ದಾಟಿ ಪ್ಲೇಟು ಮುಟ್ಟುತ್ತವೆ. ನೂರಕ್ಕೆ ಒಂದು ಅಂದರೆ ಕಡಿಮೆ ಅನಿಸಬಹುದು, ಆದರೆ ಚಿತ್ರ ಮೂಡುವುದೇ ಆ ಒಂದರಿಂದ. 20ರ ಕಿರಣದಿಂದ ಚಿತ್ರಕ್ಕೆ ಮೂರು ಕಾಸಿನ ಉಪಯೋಗವಿಲ್ಲ, ರೋಗಿಯ ಚರ್ಮಕ್ಕೆ ಮಾತ್ರ ಪೂರ್ತಿ ಬಿಲ್ಲು.

ಇಲ್ಲಿಗೆ ಅಲ್ಯೂಮಿನಿಯಂ ತಗಡು ಬರುತ್ತದೆ. 2.5 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ 20ರ ಶಕ್ತಿಯ ಕಿರಣಗಳಲ್ಲಿ ನೂರಕ್ಕೆ 90ನ್ನು ತಾನೇ ಹೀರಿಕೊಳ್ಳುತ್ತದೆ. 15ರವನ್ನು ಬಹುತೇಕ ಪೂರ್ತಿ ನುಂಗುತ್ತದೆ. ಅದೇ 60ರವು ಬಂದರೆ ನೂರಕ್ಕೆ 83ನ್ನು ಆಚೆ ಬಿಡುತ್ತದೆ. ಬೇಡದ್ದು ಹೋಯಿತು, ಬೇಕಾದದ್ದರಲ್ಲಿ ಸ್ವಲ್ಪವೇ ಹೋಯಿತು. ನೀರಿನ ಫಿಲ್ಟರ್ ಅಥವಾ ಹಿಟ್ಟಿನ ಜರಡಿ ಸಣ್ಣದನ್ನು ಬಿಟ್ಟು ದಪ್ಪದ್ದನ್ನು ಹಿಡಿಯುತ್ತದೆ. ಇದು ತಿರುವುಮುರುವು: ಬಲ ಇಲ್ಲದ್ದನ್ನು ಹಿಡಿದು ಬಲ ಇರುವುದನ್ನು ಬಿಡುತ್ತದೆ. ಅದಕ್ಕೇ ಸೋಸುವುದು ಅನ್ನುವುದಕ್ಕಿಂತ ತೂರುವುದು ಅಂದರೆ ನನಗೆ ಸರಿ ಅನಿಸುತ್ತದೆ. ಗಾಳಿಗೆ ತೂರಿದಾಗ ಜೊಳ್ಳು ಹಾರಿಹೋಗಿ ಗಟ್ಟಿ ಕಾಳು ಕಾಲಡಿ ಬೀಳುತ್ತದೆ. ಉಳಿದ ರಾಶಿ ಚಿಕ್ಕದಾಗುತ್ತದೆ, ಆದರೆ ಸೇರಿನ ತೂಕ ಜಾಸ್ತಿ. ನಮ್ಮ ಕಸುಬಿನ ಭಾಷೆಯಲ್ಲಿ ಕಿರಣ "ಹಾರ್ಡ್" ಆಯಿತು ಅನ್ನುತ್ತೇವೆ.

ಹಾಗಾದರೆ ಇನ್ನೂ ದಪ್ಪ ತಗಡು ಹಾಕಿದರೆ ಇನ್ನೂ ಒಳ್ಳೆಯದಲ್ಲವಾ ಅಂತ ನೀವು ಕೇಳಬಹುದು. ಒಂದು ಹಂತದವರೆಗೆ ಹೌದು. ಅದನ್ನು ದಾಟಿದರೆ ಗಟ್ಟಿ ಕಾಳೂ ಹಾರಲು ಶುರುವಾಗುತ್ತದೆ. ಕಳೆದುಹೋದದ್ದನ್ನು ತುಂಬಲು ಟ್ಯೂಬಿಗೆ ಜಾಸ್ತಿ ದುಡಿಮೆ. ಎಕ್ಸ್‌ಪೋಷರ್ ಹೊತ್ತು ಉದ್ದವಾಗುತ್ತದೆ, ಅಷ್ಟರಲ್ಲಿ ಮಗು ಕೈ ಅಲ್ಲಾಡಿಸಿದರೆ ಚಿತ್ರ ಮಸುಕು, ಮತ್ತೆ ತೆಗೆಯಬೇಕು. ಮೂಳೆಗೂ ಮಾಂಸಕ್ಕೂ ನಡುವಿನ ಕಪ್ಪು-ಬಿಳುಪಿನ ಅಂತರವೂ ತಗ್ಗುತ್ತದೆ. ಸೀಸದ ತಗಡನ್ನೇ ಏಕೆ ಇಡಬಾರದು ಎಂಬುದಕ್ಕೂ ಇದೇ ಉತ್ತರ. ಸೀಸ ಕಾಳನ್ನೂ ಉಳಿಸುವುದಿಲ್ಲ.

70 ಕಿಲೋವೋಲ್ಟಿಗಿಂತ ಮೇಲೆ ಓಡುವ ಯಂತ್ರಕ್ಕೆ ಒಟ್ಟು 2.5 ಮಿ.ಮೀ. ಅಲ್ಯೂಮಿನಿಯಂನಷ್ಟು ತಡೆ ಇರಬೇಕು ಎಂಬುದು ಹಲವು ದೇಶಗಳಲ್ಲಿ ಬಹಳ ಕಾಲದಿಂದ ನಡೆದು ಬಂದ ಅಳತೆ. ನೀವು ನೋಡಿದ ಚೀಟಿಯ ಅಂಕಿ ಅದೇ. ಆದರೆ ಅಷ್ಟೂ ಒಂದೇ ತಗಡಲ್ಲ. ಟ್ಯೂಬಿನ ಗಾಜು, ಅದರ ಸುತ್ತ ತುಂಬಿರುವ ಎಣ್ಣೆ ಇವು ತಾವಾಗಿಯೇ ಅರ್ಧದಿಂದ ಒಂದು ಮಿ.ಮೀ. ಅಲ್ಯೂಮಿನಿಯಂನಷ್ಟು ತಡೆಯುತ್ತವೆ. ಬೆಳಕಿನ ಪೆಟ್ಟಿಗೆಯೊಳಗಿನ ಕನ್ನಡಿಯೂ ಒಂದಷ್ಟು ತಡೆಯುತ್ತದೆ. ಸಾಲದ್ದಕ್ಕೆ ಬೇರೆ ತಗಡು ಸೇರಿಸುತ್ತಾರೆ. ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುವಂಥ, ನೋಡಲು ಏನೂ ಅಲ್ಲದ ತಗಡು.

ಆ ಎರಡು ಸ್ಕ್ರೂ ಬಗ್ಗೆ ಒಂದು ಕಥೆ ಇದೆ. ನಾನು ಬಹಳ ವರ್ಷ ಎಕ್ಸ್-ರೇ ಯಂತ್ರಗಳನ್ನು ಅಳೆಯುವ ಕೆಲಸ ಮಾಡಿದವನು. ಒಮ್ಮೆ ಒಂದು ಸಣ್ಣ ಆಸ್ಪತ್ರೆಗೆ ಹೋಗಿದ್ದೆ. ಯಂತ್ರ ಹೊಸದಾಗಿ ರಿಪೇರಿಯಾಗಿತ್ತು. "ಸಾರ್, ರಿಪೇರಿ ಆದಮೇಲೆ ಚಿತ್ರ ಭಾಳ ಚೆನ್ನಾಗಿ ಬರ್ತಾ ಇದೆ, ಎಕ್ಸ್‌ಪೋಷರ್ ಕೂಡ ಕಮ್ಮಿ ಕೊಟ್ರೆ ಸಾಕು" ಅಂತ ಟೆಕ್ನಿಷಿಯನ್ ಖುಷಿಯಲ್ಲಿ ಹೇಳಿದ. ನನಗೆ ಅಲ್ಲೇ ಅನುಮಾನ ಬಂತು. ಅಳೆಯುವ ವಿಧಾನ ಸರಳ. ಮೀಟರನ್ನು ಕಿರಣದ ಕೆಳಗಿಟ್ಟು ಓದುತ್ತೇವೆ. ಆಮೇಲೆ ನಡುವೆ ಒಂದೊಂದೇ ತೆಳು ಅಲ್ಯೂಮಿನಿಯಂ ಹಾಳೆ ಸೇರಿಸುತ್ತಾ, ಓದು ಅರ್ಧಕ್ಕೆ ಇಳಿಯಲು ಎಷ್ಟು ದಪ್ಪ ಬೇಕಾಯಿತು ಅಂತ ನೋಡುತ್ತೇವೆ. ಇದನ್ನು ಎಚ್‌ವಿಎಲ್ ಅನ್ನುತ್ತಾರೆ. ಕಿರಣ ಗಟ್ಟಿಯಾದಷ್ಟೂ ಈ ದಪ್ಪ ಜಾಸ್ತಿ. 80 ಕಿಲೋವೋಲ್ಟಿನಲ್ಲಿ ಕನಿಷ್ಠ 2.3 ಮಿ.ಮೀ. ಬರಬೇಕಿತ್ತು, ಬಂದದ್ದು 1.6. ಪೆಟ್ಟಿಗೆ ಬಿಚ್ಚಿದರೆ ತಗಡೇ ಇಲ್ಲ! ರಿಪೇರಿಗೆ ಬಂದವರು ತೆಗೆದದ್ದನ್ನು ಮತ್ತೆ ಹಾಕಿರಲಿಲ್ಲ. ಅದು ಅದೇ ಕೋಣೆಯ ಕಿಟಕಿಯ ಮೇಲೆ, ಒಂದು ಚಹಾ ಲೋಟದ ಕೆಳಗೆ ಸಿಕ್ಕಿತು.

ಗಮನಿಸಿ, ಅಲ್ಲಿ ಯಾರೂ ದೂರು ಹೇಳಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಫಿಲ್ಟರ್ ಕಳೆದುಹೋದರೆ ಚಿತ್ರ ಕೆಡುವುದಿಲ್ಲ, ಕೆಲವೊಮ್ಮೆ ಒಂಚೂರು ಚಂದವೇ ಕಾಣುತ್ತದೆ. ಡಾಕ್ಟರಿಗೆ ಗೊತ್ತಾಗುವುದಿಲ್ಲ, ರೋಗಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಚರ್ಮಕ್ಕೆ ಮಾತ್ರ, ಅದಕ್ಕೆ ಮಾತು ಬರುವುದಿಲ್ಲ. ಅದಕ್ಕಾಗಿಯೇ ನಮ್ಮ ದೇಶದಲ್ಲಿ ಎಇಆರ್‌ಬಿ, ಅಂದರೆ 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿ, ಪ್ರತಿ ಯಂತ್ರಕ್ಕೂ ಗುಣಮಟ್ಟದ ಪರೀಕ್ಷೆ ಆಗಬೇಕು ಅನ್ನುತ್ತದೆ. ಒಟ್ಟು ಫಿಲ್ಟರೇಷನ್ ಅದರಲ್ಲೊಂದು. ಬೆಳಕು ಮತ್ತು ಕಿರಣ ಒಂದೇ ಕಡೆ ಬೀಳುತ್ತವೆಯಾ ಎಂಬುದು ಇನ್ನೊಂದು.

ಮಕ್ಕಳ ವಿಷಯ ಬಂದದ್ದರಿಂದ ತಾಮ್ರದ ಬಗ್ಗೆಯೂ ಹೇಳಬೇಕು. ಈಗಿನ ಡಿಜಿಟಲ್ ಯಂತ್ರಗಳಲ್ಲಿ ಒಂದು ಗುಂಡಿ ಒತ್ತಿದರೆ 0.1 ಅಥವಾ 0.2 ಮಿ.ಮೀ. ತಾಮ್ರದ ಹಾಳೆ ಕಿರಣದ ದಾರಿಗೆ ಬಂದು ನಿಲ್ಲುತ್ತದೆ. 0.1 ಮಿ.ಮೀ. ಅಂದರೆ ದಪ್ಪನೆಯ ಕಾಗದದಷ್ಟು, ಆದರೆ ಅದು ಸುಮಾರು 3 ಮಿ.ಮೀ. ಅಲ್ಯೂಮಿನಿಯಂನಷ್ಟು ಕೆಲಸ ಮಾಡುತ್ತದೆ. ಮಕ್ಕಳ ಎದೆ, ಹೊಟ್ಟೆಗೆ 1 ಮಿ.ಮೀ. ಅಲ್ಯೂಮಿನಿಯಂ ಜೊತೆ ಇಷ್ಟು ತಾಮ್ರ ಸೇರಿಸಿ ಎಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಎರಡನ್ನೂ ಜೋಡಿಸುವಾಗ ತಾಮ್ರ ಟ್ಯೂಬಿನ ಕಡೆಗೆ, ಅಲ್ಯೂಮಿನಿಯಂ ರೋಗಿಯ ಕಡೆಗೆ ಇರಬೇಕು. ಕಿರಣ ಬಡಿದಾಗ ತಾಮ್ರ ತಾನೇ ಸಣ್ಣ ಶಕ್ತಿಯ ಕಿರಣ ಉಗುಳುತ್ತದೆ, ಅದನ್ನು ಹಿಡಿಯಲು ಹಿಂದೆ ಅಲ್ಯೂಮಿನಿಯಂ ಬೇಕು. ಅಲ್ಯೂಮಿನಿಯಂ ಕೂಡ ಉಗುಳುತ್ತದೆ, ಆದರೆ ಅದು ಎಷ್ಟು ಬಡಕಲು ಅಂದರೆ ನಡುವಿನ ಗಾಳಿಯಲ್ಲೇ ಸತ್ತುಹೋಗುತ್ತದೆ. ಮಣಿಕಟ್ಟಿನಂಥ ತೆಳು ಭಾಗಕ್ಕೆ ತಾಮ್ರದಿಂದ ಅಷ್ಟೇನೂ ಲಾಭವಿಲ್ಲ. ನಿಮ್ಮ ಮಗಳಿಗೆ ಹಾಕಲಿಲ್ಲ ಅಂತ ಬೇಸರ ಬೇಡ.

ಪಾದದ ಎಕ್ಸ್-ರೇಗೆ ಬೆಣೆಯಂಥ ಫಿಲ್ಟರ್ ಇಡುವುದುಂಟು, ಬೆರಳ ಕಡೆ ದಪ್ಪ, ಹಿಮ್ಮಡಿ ಕಡೆ ತೆಳು. ತೆಳು ಬೆರಳೂ ದಪ್ಪ ಹಿಮ್ಮಡಿಯೂ ಒಂದೇ ಚಿತ್ರದಲ್ಲಿ ಸರಿಯಾಗಿ ಕಾಣಲಿ ಅಂತ. ಇನ್ನು ಸ್ತನದ ಎಕ್ಸ್-ರೇ, ಮ್ಯಾಮೊಗ್ರಫಿ, ಬೇರೆಯದೇ ಲೋಕ. ಅಲ್ಲಿ ಮೂಳೆ ಇಲ್ಲ, ಮಾಂಸ ಮತ್ತು ಕೊಬ್ಬಿನ ನಡುವಿನ ನಸು ವ್ಯತ್ಯಾಸ ಕಾಣಬೇಕು. ಅದಕ್ಕೆ 17ರಿಂದ 20ರ ನಡುವಿನ ಮೆದು ಕಿರಣವೇ ಬೇಕು. ಹೊಟ್ಟೆಯ ಲೆಕ್ಕದಲ್ಲಿ ನಾನು ಜೊಳ್ಳು ಅಂದದ್ದೇ ಅಲ್ಲಿ ಕಾಳು. ಹಳೆಯ ಮ್ಯಾಮೊಗ್ರಫಿ ಯಂತ್ರಗಳಲ್ಲಿ ಮಾಲಿಬ್ಡಿನಂ ಬಿಲ್ಲೆಯ ಮುಂದೆ 0.03 ಮಿ.ಮೀ. ಮಾಲಿಬ್ಡಿನಂ ಹಾಳೆ ಇಡುತ್ತಿದ್ದರು. 20ಕ್ಕಿಂತ ಮೇಲಿನದ್ದು ಬಂದರೆ ಆ ಲೋಹ ಥಟ್ಟನೆ ಹೀರಿಕೊಳ್ಳುತ್ತದೆ. ತೀರಾ ಬಡಕಲೂ ಬೇಡ, ತೀರಾ ಗಟ್ಟಿಯೂ ಬೇಡ, ನಡುವಿನದ್ದು ಮಾತ್ರ. ತೂರುವ ಉಪಮೆ ಅಲ್ಲಿ ಮುಗ್ಗರಿಸುತ್ತದೆ, ಇರಲಿ.

ಬೆಳಕಿನ ಚೌಕಕ್ಕೆ ಬರೋಣ. ಟ್ಯೂಬಿನ ಕೆಳಗೆ ನೇತಾಡುವ ಆ ಪೆಟ್ಟಿಗೆಯ ಹೆಸರು ಕಾಲಿಮೇಟರ್. ಒಳಗೆ ಸುಮಾರು 3 ಮಿ.ಮೀ. ದಪ್ಪದ ಸೀಸದ ಬಾಗಿಲುಗಳಿವೆ. ಒಂದು ಗುಂಡಿ ಉದ್ದಕ್ಕೆ, ಇನ್ನೊಂದು ಅಗಲಕ್ಕೆ. ತೋಟದಲ್ಲಿ ಬೇಕಾದ ಪಾತಿಗೆ ಮಾತ್ರ ನೀರು ಬಿಟ್ಟು ಉಳಿದ ಕಡೆ ಮಣ್ಣು ಕಟ್ಟುವುದಿಲ್ಲವೇ, ಅದೇ ಕೆಲಸ. ಕಿರಣ ಕಣ್ಣಿಗೆ ಕಾಣದು, ಅದಕ್ಕೇ ಒಂದು ಉಪಾಯ. ಪೆಟ್ಟಿಗೆಯ ಬದಿಯಲ್ಲಿ ಒಂದು ಬಲ್ಬು, ನಡುವೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ. ಕಿರಣ ಕನ್ನಡಿಯನ್ನು ತೂರಿಕೊಂಡು ನೇರ ಕೆಳಗಿಳಿಯುತ್ತದೆ, ಬಲ್ಬಿನ ಬೆಳಕು ಕನ್ನಡಿಗೆ ಬಡಿದು ಅದೇ ದಾರಿ ಹಿಡಿಯುತ್ತದೆ. ಕಿರಣ ಹುಟ್ಟುವ ಚುಕ್ಕೆ ಕನ್ನಡಿಯಿಂದ ಎಷ್ಟು ದೂರವೋ ಬಲ್ಬೂ ಅಷ್ಟೇ ದೂರ ಇರಬೇಕು. ಆಗ ಬೆಳಕು ಬಿದ್ದ ಜಾಗವೇ ಕಿರಣ ಬೀಳುವ ಜಾಗ. ನಡುವೆ ಕಾಣುವ ಅಡ್ಡಗೀಟು-ಉದ್ದಗೀಟು ಕಿರಣದ ನಟ್ಟನಡು ಎಲ್ಲಿ ಅಂತ ತೋರಿಸುತ್ತದೆ.

ಮೇಲುಗಡೆ, ಟ್ಯೂಬಿನ ಬಾಯಿಗೆ ತೀರಾ ಹತ್ತಿರ, ಇನ್ನೊಂದು ಜೊತೆ ಸೀಸದ ಬಾಗಿಲುಗಳಿರುತ್ತವೆ. ಬಿಲ್ಲೆಗೆ ಬಡಿದ ಕೆಲವು ಎಲೆಕ್ಟ್ರಾನುಗಳು ಪುಟಿದು ಬೇರೆ ಜಾಗಕ್ಕೆ ಬಡಿಯುತ್ತವೆ, ಅಲ್ಲಿಂದಲೂ ಪುಂಡ ಕಿರಣ ಹೊರಡುತ್ತದೆ. ಅವನ್ನು ಬಾಗಿಲಲ್ಲೇ ತಡೆಯುವುದು ಇವುಗಳ ಕೆಲಸ. ತಲೆಯ ಹಳೆಯ ಎಕ್ಸ್-ರೇಗಳಲ್ಲಿ ಚೌಕದ ಗಡಿಯಿಂದಾಚೆಗೂ ಕಿವಿಯ ನೆರಳು ಮಸುಕಾಗಿ ಮೂಡಿರುತ್ತಿತ್ತು. ನಾವು ಚಿಕ್ಕವರಿದ್ದಾಗ ದೆವ್ವದ ಕಿವಿ ಅಂತ ತಮಾಷೆ ಮಾಡುತ್ತಿದ್ದೆವು.

ಕಿರಣ ಬೇಕಾದಷ್ಟೇ ಜಾಗಕ್ಕೆ ಬೀಳಲಿ ಎಂಬ ಮಾತು ಎಕ್ಸ್-ರೇಯಷ್ಟೇ ಹಳೆಯದು ಅನ್ನಬಹುದು. ರಾಂಟ್‌ಜನ್ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ಈ ಕಿರಣ ಕಂಡದ್ದು 1895ರ ನವೆಂಬರಿನಲ್ಲಿ. ಆಮೇಲಿನ ಕೆಲವು ವರ್ಷ ಟ್ಯೂಬುಗಳು ಬರಿಮೈಯಲ್ಲಿ ಉರಿಯುತ್ತಿದ್ದವು, ಕೋಣೆಯ ತುಂಬ ಕಿರಣ. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡರು. ಬಾಸ್ಟನ್ನಿನ ಹಲ್ಲಿನ ಡಾಕ್ಟರ್ ವಿಲಿಯಂ ರಾಲಿನ್ಸ್ 1901ರಲ್ಲೇ ಗಿನಿ ಇಲಿಗಳ ಮೇಲೆ ಕಿರಣ ಬಿಟ್ಟು, ಇದು ಪ್ರಾಣ ತೆಗೆಯಬಲ್ಲದು ಅಂತ ತೋರಿಸಿದರು. ಟ್ಯೂಬನ್ನು ಸೀಸದ ಪೆಟ್ಟಿಗೆಯಲ್ಲಿಡಿ, ನೋಡಬೇಕಾದ ಭಾಗಕ್ಕೆ ಮಾತ್ರ ಕಿರಣ ಬಿಡಿ ಅಂತ ಬರೆದರು. ಬಹಳ ಕಾಲ ಆ ಮಾತಿಗೆ ಹೆಚ್ಚು ಜನ ಕಿವಿಗೊಡಲಿಲ್ಲ.

ಈಗ ನಿಮ್ಮ ಮಗಳ ಲೆಕ್ಕ. ಮಣಿಕಟ್ಟಿಗೆ 10 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಚೌಕ ಸಾಕು, ಅಂದರೆ 120 ಚದರ ಸೆಂಟಿಮೀಟರ್. ಈಗ ಸಾಮಾನ್ಯವಾಗಿ ಸಿಗುವ ಡಿಜಿಟಲ್ ಪ್ಲೇಟು 35ಕ್ಕೆ 43 ಸೆಂ.ಮೀ. ಅಷ್ಟೂ ತೆರೆದರೆ 1505 ಚದರ ಸೆಂಟಿಮೀಟರ್. ಹನ್ನೆರಡು ಪಟ್ಟಿಗೂ ಜಾಸ್ತಿ. ಹೊಸ ಯಂತ್ರಗಳ ಪರದೆಯ ಮೇಲೆ ಡಿಎಪಿ ಎಂಬ ಒಂದು ಅಂಕಿ ಬರುತ್ತದೆ, ಕಿರಣದ ಪ್ರಮಾಣ ಗುಣಿಸು ಬಿದ್ದ ಜಾಗ. ಚೌಕ ಚಿಕ್ಕದು ಮಾಡಿದರೆ ಆ ಅಂಕಿ ಕಣ್ಣೆದುರೇ ಇಳಿಯುತ್ತದೆ.

ದೊಡ್ಡ ಚೌಕದಿಂದ ಮೈಗೆ ಮಾತ್ರ ನಷ್ಟ ಅಂದುಕೊಳ್ಳಬೇಡಿ, ಚಿತ್ರಕ್ಕೂ ನಷ್ಟ. ಕಿರಣ ಮಾಂಸದೊಳಗೆ ಹೊಕ್ಕಾಗ ಒಂದಷ್ಟು ಭಾಗ ದಾರಿ ತಪ್ಪಿ ಎಲ್ಲ ದಿಕ್ಕಿಗೂ ಚದುರುತ್ತದೆ. ಚದುರಿದ್ದು ಪ್ಲೇಟಿನ ಮೇಲೆ ಎಲ್ಲೆಂದರಲ್ಲಿ ಬಿದ್ದು ಚಿತ್ರವನ್ನು ಮಬ್ಬು ಮಾಡುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಿದ್ದರೆ ಇದು ನಿಮಗೆ ಗೊತ್ತು. ಮಂಜಿನಲ್ಲಿ ಹೆಡ್‌ಲೈಟ್ ಹೈ ಬೀಮ್ ಹಾಕಿದಷ್ಟೂ ಎದುರು ಬರೀ ಬಿಳಿ ಗೋಡೆ. ಬೆಳಕು ತಗ್ಗಿಸಿದರೆ ರಸ್ತೆ ಕಾಣುತ್ತದೆ. ದೊಡ್ಡವರ ಹೊಟ್ಟೆಯ ಎಕ್ಸ್-ರೇಯಲ್ಲಿ ಏನೂ ತಡೆ ಇಲ್ಲದಿದ್ದರೆ ಪ್ಲೇಟು ಮುಟ್ಟುವ ಕಿರಣಗಳಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಹೀಗೆ ಚದುರಿದವೇ. ಕಿರಣ ಹೊಕ್ಕ ಜಾಗ ಚಿಕ್ಕದಾದರೆ ಚದುರುವ ಮಾಂಸವೂ ಕಡಿಮೆ. ಬೆನ್ನುಮೂಳೆ ತೆಗೆಯುವಾಗ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ, ಮಣಿಕಟ್ಟಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ಚೌಕ ಚಿಕ್ಕದು ಮಾಡಿದರೂ ಉಳಿಯುವ ಚದುರು ಕಿರಣಕ್ಕೆ ಗ್ರಿಡ್ ಎಂಬ ಸೀಸದ ಪಟ್ಟಿಗಳ ಜಾಲರಿ ಇದೆ. ನೆಟ್ಟಗೆ ಬಂದದ್ದು ಪಟ್ಟಿಗಳ ನಡುವೆ ನುಸುಳುತ್ತದೆ, ಓರೆಯಾಗಿ ಬಂದದ್ದು ಸೀಸಕ್ಕೆ ಬಡಿದು ನಿಲ್ಲುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ದಿನಾ "ಬಕ್ಕಿ ಟೇಬಲ್ ಮೇಲೆ ಮಲಗಿಸಿ", "ಬಕ್ಕಿ ಸ್ಟ್ಯಾಂಡಿಗೆ ನಿಲ್ಲಿಸಿ" ಅನ್ನುತ್ತಿರುತ್ತಾರೆ. ಬಕ್ಕಿ ಅನ್ನುವುದು ಒಬ್ಬ ಮನುಷ್ಯನ ಹೆಸರು ಅಂದರೆ ಎಷ್ಟೋ ಟೆಕ್ನಿಷಿಯನ್ನರು ನಂಬುವುದಿಲ್ಲ. ಜರ್ಮನಿಯ ಗುಸ್ಟಾಫ್ ಬಕ್ಕಿ 1913ರಲ್ಲಿ ಈ ಜಾಲರಿ ಮಾಡಿದರು. ಜಾಲರಿಯ ಗೆರೆ ಚಿತ್ರದಲ್ಲಿ ಮೂಡುತ್ತಿತ್ತು. ಎಕ್ಸ್‌ಪೋಷರ್ ಹೊತ್ತಿನಲ್ಲಿ ಜಾಲರಿಯನ್ನು ಸರಿಸುತ್ತಾ ಇದ್ದರೆ ಗೆರೆ ಕಾಣದು ಅಂತ ಷಿಕಾಗೋದ ಹಾಲಿಸ್ ಪಾಟರ್ ದಾರಿ ತೋರಿಸಿದರು. ಬಕ್ಕಿ ಆಮೇಲೆ ಅಮೆರಿಕಕ್ಕೆ ಹೋದರು, ಐನ್‌ಸ್ಟೈನರ ಸ್ನೇಹಿತರಾದರು. ಇಬ್ಬರೂ ಸೇರಿ ಬೆಳಕಿಗೆ ತಕ್ಕ ಹಾಗೆ ತಾನೇ ಹೊಂದಿಕೊಳ್ಳುವ ಒಂದು ಕ್ಯಾಮೆರಾಗೆ 1936ರಲ್ಲಿ ಪೇಟೆಂಟ್ ಪಡೆದರು! ಅತ್ತ ಕಿರಣ, ಇತ್ತ ಬೆಳಕು, ಆ ಮನುಷ್ಯನ ಚಿಂತೆ ಮಾತ್ರ ಒಂದೇ, ಎಷ್ಟು ಬೇಕೋ ಅಷ್ಟೇ ಒಳಗೆ ಬಿಡುವುದು ಹೇಗೆ ಅಂತ. ಗ್ರಿಡ್ ಒಳ್ಳೆಯ ಕಿರಣವನ್ನೂ ಒಂದಷ್ಟು ತಿನ್ನುತ್ತದೆ, ಹಾಗಾಗಿ ಎಕ್ಸ್‌ಪೋಷರನ್ನು ಕೆಲವು ಪಟ್ಟು ಏರಿಸಬೇಕಾಗುತ್ತದೆ. ಕೈ ಕಾಲಿಗೆ, ಸಣ್ಣ ಮಕ್ಕಳಿಗೆ ಅದು ಬೇಡವೇ ಬೇಡ.

ಬೆಳಕೇ ಸುಳ್ಳು ಹೇಳುತ್ತಿದ್ದರೆ? ಅದೂ ಆಗುತ್ತದೆ. ಬಲ್ಬು ಬದಲಿಸಿದಾಗ, ಕನ್ನಡಿ ಸ್ವಲ್ಪ ವಾಲಿದಾಗ, ಬೆಳಕು ಒಂದು ಕಡೆ, ಕಿರಣ ಇನ್ನೊಂದು ಕಡೆ. ಟ್ಯೂಬಿಗೂ ಪ್ಲೇಟಿಗೂ ಇರುವ ದೂರದ ನೂರಕ್ಕೆ ಎರಡು ಭಾಗದವರೆಗೆ ವ್ಯತ್ಯಾಸ ಒಪ್ಪಬಹುದು, ಅಂದರೆ ಒಂದು ಮೀಟರಿಗೆ 2 ಸೆಂ.ಮೀ. ಒಂದು ಕಡೆ ನಾನು ನೋಡಿದಾಗ 4 ಸೆಂ.ಮೀ. ಆಚೀಚೆ ಆಗಿತ್ತು. ಅಲ್ಲಿಯ ಟೆಕ್ನಿಷಿಯನ್ನರಿಗೆ ಏನೋ ಸರಿ ಇಲ್ಲ ಅಂತ ಗೊತ್ತಿತ್ತು, ಏಕೆಂದರೆ ಎದೆಯ ಚಿತ್ರದಲ್ಲಿ ಒಂದು ಬದಿ ಕತ್ತರಿಸಿಹೋಗುತ್ತಿತ್ತು. ಅವರು ಕಂಡುಕೊಂಡ ಪರಿಹಾರ ಅಂದರೆ, ಎಲ್ಲರಿಗೂ ಎಲ್ಲ ಕಡೆಯೂ ಜಾಸ್ತಿ ತೆರೆಯುವುದು. ಯಾವಾಗಿನಿಂದ ಅಂತ ಕೇಳಿದರೆ ಯಾರಿಗೂ ನೆನಪಿಲ್ಲ. ಪತ್ತೆ ಮಾಡಲು ನಾಲ್ಕು ಒಂದು ರೂಪಾಯಿ ನಾಣ್ಯ ಸಾಕಾಯಿತು. ಬೆಳಕಿನ ಚೌಕದ ನಾಲ್ಕೂ ಅಂಚಿಗೆ ಒಂದೊಂದು ನಾಣ್ಯ ಇಟ್ಟು ಒಂದು ಎಕ್ಸ್‌ಪೋಷರ್. ಚಿತ್ರದಲ್ಲಿ ಕಿರಣದ ಗಡಿ ನಾಣ್ಯದ ಅಂಚಿಗೇ ಬಂದರೆ ಸರಿ, ದೂರ ಹೋದರೆ ಕೆಟ್ಟಿದೆ. ಐದು ನಿಮಿಷದ ಕೆಲಸ.

ಈಗ ಕೋಪದ ವಿಷಯ. ಫಿಲ್ಮಿನ ಕಾಲದಲ್ಲಿ ಚೌಕ ಸರಿಯಾಗಿ ಇಟ್ಟಿದ್ದರೆ ಚಿತ್ರದ ನಾಲ್ಕೂ ಬದಿಗೆ ಕಿರಣ ತಾಗದ ತಿಳಿ ಅಂಚು ಉಳಿಯುತ್ತಿತ್ತು. ತೆರೆದಿಟ್ಟಿದ್ದರೆ ಅಂಚಿನವರೆಗೂ ಕಪ್ಪು. ನಮ್ಮ ಗುರುಗಳು ಫಿಲ್ಮ್ ಕೈಗೆತ್ತಿಕೊಂಡರೆ ಮೂಳೆಗಿಂತ ಮೊದಲು ಅಂಚು ನೋಡುತ್ತಿದ್ದರು. ಅಂಚು ಕಪ್ಪಾಗಿದ್ದರೆ ಬೈಗುಳ ಗ್ಯಾರಂಟಿ. ಡಿಜಿಟಲ್ ಬಂದ ಮೇಲೆ ಮೌಸಿನಿಂದ ಎಳೆದು ಸುತ್ತಲೂ ಕಪ್ಪು ಪಟ್ಟಿ ಮುಚ್ಚಿದರೆ ಮುಗಿಯಿತು, ಅಚ್ಚುಕಟ್ಟಾಗಿ ಚೌಕ ಕಟ್ಟಿದ ಹಾಗೇ ಕಾಣುತ್ತದೆ. ಆ ಪಟ್ಟಿಯ ಕೆಳಗೆ ನಿಮ್ಮ ಮಗಳ ಮೊಣಕೈ, ಮೇಜಿನ ಅಂಚು ಎಲ್ಲ ಇವೆ. ಕಿಟಕಿಯ ಮೇಲೆ ಸಿಕ್ಕ ತಗಡಿನ ಕಥೆಯೇ ಮತ್ತೆ. ತಪ್ಪು ಚಿತ್ರದಲ್ಲಿ ಕಾಣುವುದಿಲ್ಲ. ಟೆಕ್ನಿಷಿಯನ್ನರನ್ನು ಪೂರ್ತಿ ಬೈಯಲೂ ಮನಸ್ಸು ಬರುವುದಿಲ್ಲ. ಹೊರಗೆ ನಲವತ್ತು ಜನ ಸಾಲಿನಲ್ಲಿರುತ್ತಾರೆ, ಒಳಗೆ ಒಬ್ಬರೇ. ಚೌಕ ಚಿಕ್ಕದು ಮಾಡಿ ಏನಾದರೂ ಕತ್ತರಿಸಿಹೋದರೆ ಡಾಕ್ಟರ್ ಕೂಗಾಡುತ್ತಾರೆ, ದೊಡ್ಡದು ಮಾಡಿದರೆ ಯಾರೂ ಏನೂ ಕೇಳುವುದಿಲ್ಲ. ಆದರೂ ಗುಂಡಿ ತಿರುಗಿಸಲು ಮೂರು ಸೆಕೆಂಡು ಸಾಕಲ್ವಾ.

ಏಪ್ರನ್ ಬೇಡ ಅಂದದ್ದು ಪೂರ್ತಿ ತಪ್ಪಲ್ಲ. ರೋಗಿಯ ಜನನಾಂಗಕ್ಕೆ ಸೀಸ ಹೊದಿಸುವ ರೂಢಿ ನಿಲ್ಲಿಸಿ ಅಂತ 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಹೇಳಿತು, 2021ರಲ್ಲಿ ಅಲ್ಲಿನ ವಿಕಿರಣ ರಕ್ಷಣಾ ಮಂಡಳಿಯೂ ಹಾಗೇ ಹೇಳಿತು. ಸೀಸ ಜಾರಿ ಬೇಕಾದ ಮೂಳೆಯನ್ನೇ ಮುಚ್ಚಿದರೆ ಮತ್ತೆ ತೆಗೆಯಬೇಕು. ತಾನಾಗಿ ಎಕ್ಸ್‌ಪೋಷರ್ ನಿಲ್ಲಿಸುವ ಯಂತ್ರದಲ್ಲಿ ಸೀಸ ಅಡ್ಡ ಬಂದರೆ ಯಂತ್ರ ಇನ್ನೂ ಜಾಸ್ತಿ ಕಿರಣ ಸುರಿಯುತ್ತದೆ. ಮೈಯೊಳಗೇ ಚದುರುವ ಕಿರಣಕ್ಕೆ ಹೊರಗಿನ ಹೊದಿಕೆ ಏನೂ ಮಾಡುವುದಿಲ್ಲ. ಎಲ್ಲ ಸರಿ. ಆದರೆ ಆ ಮಾತಿನ ಹಿಂದೆ ಚೌಕ ಸರಿಯಾಗಿ ಕಟ್ಟಿರುತ್ತಾರೆ ಎಂಬ ನಂಬಿಕೆ ಇದೆ. ಬೆಳಕನ್ನು ಮಗುವಿನ ಮಡಿಲಿಗೆ ಬಿಟ್ಟು ಏಪ್ರನ್ ಬೇಡ ಅನ್ನುವುದು ಪಾಠದ ಎರಡನೆಯ ಅರ್ಧ ಮಾತ್ರ ಕಲಿತ ಹಾಗೆ.

ಮುಂದಿನ ತಿಂಗಳಿಗೆ ಎರಡು ಮಾತು. ಮಗಳನ್ನು ಮೇಜಿಗೆ ಎದುರಾಗಿ ಕೂರಿಸಬೇಡಿ, ಬದಿಯಾಗಿ ಕೂರಿಸಿ. ಕಾಲು, ತೊಡೆ ಮೇಜಿನ ಕೆಳಗೆ ಹೋಗದೆ ಪಕ್ಕಕ್ಕೆ ಇರಲಿ, ಕೈ ಮಾತ್ರ ಪ್ಲೇಟಿನ ಮೇಲೆ ಚಾಚಲಿ. ಮುಖ ಆಚೆ ತಿರುಗಿಸಿಕೊಳ್ಳಲಿ. ಬೆಳಕು ಹತ್ತಿದಾಗ ಎಲ್ಲಿಯವರೆಗೆ ಬಿದ್ದಿದೆ ನೋಡಿ. ಮಣಿಕಟ್ಟು ದಾಟಿ ಹರಡಿದ್ದರೆ "ಅಣ್ಣಾ, ಬೆಳಕು ಸ್ವಲ್ಪ ಚಿಕ್ಕದು ಮಾಡ್ತೀರಾ?" ಅಂತ ಕೇಳಿ. ಇದನ್ನು ಕೇಳುವ ರೋಗಿಗಳು ತೀರಾ ಕಡಿಮೆ, ಹಾಗಾಗಿ ಅವರು ಒಮ್ಮೆ ನಿಮ್ಮ ಮುಖ ನೋಡುತ್ತಾರೆ. ಆಮೇಲೆ ಗುಂಡಿ ತಿರುಗಿಸುತ್ತಾರೆ.